ಕನ್ನಡ ಓದಿ ನಮ್ಮ ಜಿಲ್ಲೆಯ ವಿಷಯ ಕಂಪ್ಯೂಟರ್ ತಾನೇ ಕಲಿಯಬಹುದಾ?

ಪ್ರಶ್ನೆ: ಸರ್, ನಾವು ಜಮಖಂಡಿಯಲ್ಲಿ ಬಿಸಿಎ ಕೊನೆಯ ವರ್ಷ ಓದುತ್ತಿರುವ ನಾಲ್ವರು ಗೆಳೆಯರು. ಅಂತರ್ಜಾಲದ ಕನ್ನಡ ಬರಹಗಳನ್ನು ಕಂಪ್ಯೂಟರೇ ಓದಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮಾಹಿತಿಯನ್ನು ತಾನೇ ಕಲಿತುಕೊಳ್ಳುವಂಥ ಪ್ರಾಜೆಕ್ಟ್ ಮಾಡಬೇಕು ಅಂತಿದ್ದೇವೆ. ನಮ್ಮ ಗೈಡ್ ಸರ್ 'ಈಗ ಚಾಟ್‌ಬಾಟ್‌ಗಳೇ ಎಲ್ಲ ಹೇಳುತ್ತವೆ, ಇದ್ಯಾಕೆ ಬೇಕು' ಅಂತಾರೆ. ಆದರೆ ಆಲಮಟ್ಟಿ ಅಣೆಕಟ್ಟು ಯಾವ ಜಿಲ್ಲೆಯಲ್ಲಿದೆ ಅಂತ ಕೇಳಿದರೆ ಅದೇ ಚಾಟ್‌ಬಾಟ್ ಒಮ್ಮೆ ಬಾಗಲಕೋಟೆ ಅಂದಿತು, ಇನ್ನೊಮ್ಮೆ ವಿಜಯಪುರ ಅಂದಿತು. ಓದಿ ಕಲಿಯುವುದು ಅಂದರೆ ನಿಜವಾಗಿ ಏನು? ಯಾವುದು ನಿಜ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಸಾದಾ ಲ್ಯಾಪ್‌ಟಾಪ್‌ನಲ್ಲಿ ಇದು ಆಗುತ್ತದಾ?

ಉತ್ತರ: ಆಗುತ್ತದೆ. ಲ್ಯಾಪ್‌ಟಾಪ್ ಸಾಕು, ನಾಲ್ಕು ಮಂದಿಯೂ ಸಾಕು. ಆದರೆ 'ಮೂರು ಜಿಲ್ಲೆಗಳ ಮಾಹಿತಿ' ಅಂತ ಇಷ್ಟು ಅಗಲವಾಗಿ ಹೊರಟರೆ ಪರೀಕ್ಷೆ ಬಂದರೂ ಮುಗಿಯುವುದಿಲ್ಲ. ಎಷ್ಟಕ್ಕೆ ನಿಲ್ಲಿಸಬೇಕು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ತಿಳಿಯಬೇಕಾದದ್ದು, ಓದಿಸುವುದು ಈ ಕೆಲಸದಲ್ಲಿ ಸುಲಭದ ಭಾಗ. ಓದಿದ್ದರಲ್ಲಿ ಯಾವುದನ್ನು ನಂಬಬಾರದು ಅಂತ ಕಲಿಸುವುದೇ ಕಷ್ಟ, ನಲವತ್ತು ವರ್ಷದಿಂದ ದೊಡ್ಡ ದೊಡ್ಡವರು ಸುಸ್ತಾಗಿರುವುದು ಅಲ್ಲಿಯೇ.

ಮೊದಮೊದಲು ಹೆಚ್ಚಿನವರು ಕಂಪ್ಯೂಟರಿಗೆ ಓದಿಸಲು ಹೋಗಲಿಲ್ಲ. ಕೈಯಿಂದಲೇ ತುಂಬಿಸಿದರು. 1984ರಲ್ಲಿ ಅಮೆರಿಕದಲ್ಲಿ ಡಗ್ಲಸ್ ಲೆನಾಟ್ ಅನ್ನುವವರು ಸೈಕ್ ಅಂತ ಒಂದು ಯೋಜನೆ ಶುರು ಮಾಡಿದರು. ತಾಯಿಗೆ ಮಗಳಿಗಿಂತ ವಯಸ್ಸು ಜಾಸ್ತಿ, ಸತ್ತವರು ಪೇಟೆಗೆ ಹೋಗುವುದಿಲ್ಲ, ಇಂಥ ಮಾತುಗಳನ್ನೆಲ್ಲ ತರ್ಕದ ಭಾಷೆಯಲ್ಲಿ ಒಂದೊಂದಾಗಿ ಬರೆದು ಸೇರಿಸುವುದು. ದಶಕಗಳ ಕಾಲ ಜನ ಕೂತು ಬರೆದರು. ಬರೆದದ್ದು ಚೊಕ್ಕವಾಗಿಯೇ ಇತ್ತು, ಆದರೆ ಮುಗಿಯುವ ಲಕ್ಷಣ ಮಾತ್ರ ಕಾಣಲಿಲ್ಲ. ಜಗತ್ತು ಅಷ್ಟು ದೊಡ್ಡದು.

ಇನ್ನೊಂದು ದಾರಿ ತೋರಿಸಿದ್ದು 1992ರಲ್ಲಿ ಮಾರ್ಟಿ ಹರ್ಸ್ಟ್ ಅನ್ನುವ ಸಂಶೋಧಕಿ. ಅವರ ಉಪಾಯ ಎಷ್ಟು ಸರಳ ಅಂದರೆ ಇದನ್ನು ನಾನೇ ಮಾಡಬಹುದಿತ್ತಲ್ಲ ಅನಿಸುತ್ತದೆ. ಅವರು ಮಾಡಿದ್ದು ಇಂಗ್ಲಿಷಿನಲ್ಲಿ, ನಮ್ಮ ಭಾಷೆಗೆ ಹಾಕಿ ನೋಡೋಣ. 'ಕುಂದಾ, ಕರದಂಟು ಮುಂತಾದ ಸಿಹಿ ತಿಂಡಿಗಳು' ಅಂತ ಎಲ್ಲೋ ಒಂದು ವಾಕ್ಯ ಸಿಕ್ಕಿತು ಅಂದುಕೊಳ್ಳಿ. ಕುಂದಾ ಏನು ಅಂತ ಕಂಪ್ಯೂಟರಿಗೆ ಗೊತ್ತಿಲ್ಲ, ತಿಂದೂ ಇಲ್ಲ. ಆದರೆ 'ಮುಂತಾದ' ಬಂದಲ್ಲಿ ಅದರ ಹಿಂದಿರುವ ಹೆಸರುಗಳೆಲ್ಲ ಮುಂದಿರುವ ಗುಂಪಿಗೆ ಸೇರಿದವು ಅಂತ ಒಂದು ನಿಯಮ ಕೊಟ್ಟರೆ ಸಾಕು, ಕುಂದಾ ಸಿಹಿ ತಿಂಡಿ, ಕರದಂಟೂ ಸಿಹಿ ತಿಂಡಿ ಅಂತ ಬರೆದುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಗುಂಪಿನ ಹೆಸರು ಮೊದಲು ಬಂದು ಉದಾಹರಣೆಗಳು ಆಮೇಲೆ ಬರುತ್ತವೆ, ನಮ್ಮಲ್ಲಿ ತಿರುವುಮುರುವು. ಹಾಗಾಗಿ ಯಾರೋ ಇಂಗ್ಲಿಷಿಗೆ ಬರೆದ ಕೋಡ್ ಇಳಿಸಿಕೊಂಡು ಬರೀ ಪದ ಬದಲಿಸಿದರೆ ನಡೆಯುವುದಿಲ್ಲ.

1998ರಲ್ಲಿ ಸರ್ಗಿ ಬ್ರಿನ್ ಇದಕ್ಕೊಂದು ಚಕ್ರ ಜೋಡಿಸಿದರು. ಹೌದು, ಅದೇ ವರ್ಷ ಗೂಗಲ್ ಕಟ್ಟಿದ ಇಬ್ಬರಲ್ಲಿ ಒಬ್ಬರು. ಐದು ಪುಸ್ತಕಗಳ ಹೆಸರು ಮತ್ತು ಲೇಖಕರ ಹೆಸರು ಕೊಟ್ಟು, ಈ ಜೋಡಿಗಳು ವೆಬ್ ಪುಟಗಳಲ್ಲಿ ಎಲ್ಲೆಲ್ಲಿ, ಯಾವ ಮಾದರಿಯಲ್ಲಿ ಬಂದಿವೆ ನೋಡು ಅಂದರು. ಸಿಕ್ಕ ಮಾದರಿಗಳಿಂದ ಹೊಸ ಜೋಡಿಗಳು, ಹೊಸ ಜೋಡಿಗಳಿಂದ ಹೊಸ ಮಾದರಿಗಳು. ಕೆಲವು ಸುತ್ತು ತಿರುಗುವಷ್ಟರಲ್ಲಿ ಐದು ಇದ್ದದ್ದು 15 ಸಾವಿರ ದಾಟಿತು. ನಿಮ್ಮ ಪ್ರಾಜೆಕ್ಟಿನ ಎಂಜಿನ್ನೂ ಇದೇ. ನಿಯಮ ಬರೆಯುವುದು ನೀವಲ್ಲ, ನೀವು ಬೀಜದಷ್ಟು ಉದಾಹರಣೆ ಕೊಡುತ್ತೀರಿ, ಉಳಿದದ್ದನ್ನು ಅದು ಹುಡುಕಿಕೊಳ್ಳುತ್ತದೆ.

ಈ ಚಕ್ರವನ್ನು ನಿಲ್ಲಿಸದೆ ತಿರುಗಿಸಿದರೆ ಏನಾಗುತ್ತದೆ? ಅದನ್ನು ನೋಡಲು 2010ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ಮತ್ತು ಅವರ ತಂಡ ನೆಲ್ ಅನ್ನುವ ಪ್ರೋಗ್ರಾಮ್ ಶುರು ಮಾಡಿದರು. ಹಗಲೂ ರಾತ್ರಿ ವೆಬ್ ಓದುತ್ತಲೇ ಇರುವುದು ಅದರ ಕೆಲಸ. ಊರು, ಕಂಪನಿ, ಆಟಗಾರ, ಹಣ್ಣು ಅಂತ ಒಂದಿಷ್ಟು ನೂರು ಗುಂಪು ಮತ್ತು ಸಂಬಂಧಗಳನ್ನು ಕೊಟ್ಟು, ಪ್ರತಿಯೊಂದಕ್ಕೂ ಹತ್ತು ಹದಿನೈದು ಉದಾಹರಣೆ ತೋರಿಸಿ ಬಿಟ್ಟರು. 50 ಕೋಟಿ ಪುಟಗಳ ಸಂಗ್ರಹ ಕೈಯಲ್ಲಿತ್ತು. ಮೊದಲ 67 ದಿನಗಳಲ್ಲಿ ಅದು ಸುಮಾರು 2 ಲಕ್ಷ 42 ಸಾವಿರ ಸಂಗತಿಗಳನ್ನು ಕಲಿತಿತು, ಅವುಗಳಲ್ಲಿ ಶೇ. 74ರಷ್ಟು ಸರಿ ಅಂತ ಅವರೇ ಅಂದಾಜು ಮಾಡಿ ಪ್ರಕಟಿಸಿದರು. ಶೇ. 74 ಅಂದರೆ ನಾಲ್ಕರಲ್ಲಿ ಒಂದು ತಪ್ಪು. ನಿಮ್ಮ ಫಲಿತಾಂಶ ನೋಡಿ ಬೇಜಾರಾದಾಗ ಈ ಅಂಕಿ ನೆನಪಿಗೆ ಬರಲಿ.

ನೆಲ್ ದಾರಿ ತಪ್ಪಿದ್ದೊಂದು ಪ್ರಸಂಗ ಈ ಕ್ಷೇತ್ರದವರಿಗೆಲ್ಲ ಬಾಯಿಪಾಠ. ಬೇಕರಿ ತಿನಿಸುಗಳ ಪಟ್ಟಿಯಲ್ಲಿ ಬ್ರೆಡ್, ಕೇಕ್, ಕುಕೀಸ್ ಎಲ್ಲ ಚೆನ್ನಾಗಿ ಸೇರುತ್ತಿದ್ದವು. ಒಂದು ಹಂತದಲ್ಲಿ ಇಂಟರ್ನೆಟ್ ಕುಕೀಸ್ (ವೆಬ್‌ಸೈಟುಗಳು ನಮ್ಮ ಕಂಪ್ಯೂಟರಿನಲ್ಲಿ ಬಿಟ್ಟುಹೋಗುವ ಸಣ್ಣ ಕಡತಗಳು) ಕೂಡ ಬೇಕರಿ ತಿನಿಸು ಅಂತ ನಂಬಿತು. ಅದನ್ನು ನಂಬಿದ ಮೇಲೆ, ಕುಕೀಸನ್ನು ಡಿಲೀಟ್ ಮಾಡಿದೆ ಅನ್ನುವ ವಾಕ್ಯ ಓದಿದ್ದರಿಂದ, ಡಿಲೀಟ್ ಆಗುವಂಥದ್ದೆಲ್ಲ ಬೇಕರಿ ತಿನಿಸು ಅಂತ ತೀರ್ಮಾನಿಸಿ ಕಂಪ್ಯೂಟರ್ ಫೈಲುಗಳನ್ನೂ ಬೇಕರಿಗೆ ಸೇರಿಸಿತು. ಒಂದು ಸಣ್ಣ ತಪ್ಪು ಒಳಗೆ ಬಂದರೆ ಅದೇ ಮುಂದಿನ ಸುತ್ತಿಗೆ ಗುರು ಆಗುತ್ತದೆ. ಮಿಚೆಲ್ ತಂಡದವರು ಕೊನೆಗೆ ಆಗಾಗ ಕೈಹಾಕಿ ತಿದ್ದಬೇಕಾಯಿತು.

ನಿಮ್ಮ ಜಿಲ್ಲೆಯಲ್ಲಿ ಇದು ಹೇಗೆ ಆಗಬಹುದು ಗೊತ್ತಾ? ಮುಧೋಳ ತೆಗೆದುಕೊಳ್ಳಿ. ಊರುಗಳ ಪಟ್ಟಿಯಲ್ಲಿ ಮುಧೋಳ ಇದೆ, ಅದೇ ಹೆಸರಿನ ಬೇಟೆನಾಯಿಯ ತಳಿಯೂ ಇದೆ. 'ಸೇನೆಯಲ್ಲಿ ಮುಧೋಳ ಬಳಸುತ್ತಾರೆ', 'ಮುಧೋಳ ವೇಗವಾಗಿ ಓಡುತ್ತದೆ' ಅನ್ನುವ ವಾಕ್ಯಗಳನ್ನೂ ಕಂಪ್ಯೂಟರ್ ಓದುತ್ತದೆ. ಓಡುವುದೂ ಊರಿನ ಲಕ್ಷಣ ಅಂತ ಕಲಿತರೆ ಮುಂದಿನ ಸುತ್ತಿನಲ್ಲಿ ಕುದುರೆ, ಬಸ್ಸು, ಎಲ್ಲ ಊರುಗಳೇ! ಇದನ್ನು ತಡೆಯಲು ನೆಲ್‌ನವರು ಮಾಡಿದ ಉಪಾಯ ನಿಮಗೂ ಬೇಕು. ಗುಂಪುಗಳ ನಡುವೆ ಜಗಳ ಹಚ್ಚುವುದು. ಊರಾದದ್ದು ಪ್ರಾಣಿಯಾಗಲಾರದು, ವ್ಯಕ್ತಿಯಾದದ್ದು ಊರಾಗಲಾರದು ಅಂತ ಮೊದಲೇ ಹೇಳಿಡಬೇಕು. ಒಂದೇ ಪದವನ್ನು ಎರಡು ಗುಂಪು ಎಳೆದಾಡಿದರೆ ಎರಡಕ್ಕೂ ಕೊಡದೆ ಬದಿಗಿಡಬೇಕು. ಜೊತೆಗೆ ಬೇರೆ ಬೇರೆ ರೀತಿಯಲ್ಲಿ ಓದುವ ಎರಡು ಮೂರು ಭಾಗಗಳಿರಬೇಕು. ಒಂದು ವಾಕ್ಯದ ಮಾದರಿ ನೋಡುತ್ತದೆ, ಇನ್ನೊಂದು ಪಟ್ಟಿ ಮತ್ತು ಕೋಷ್ಟಕ ನೋಡುತ್ತದೆ, ಮತ್ತೊಂದು ಪದದ ಆಕಾರವನ್ನೇ ನೋಡುತ್ತದೆ. ನಮ್ಮಲ್ಲಿ -ಪುರ, -ಹಾಳ, -ಗಿ ಅಂತ ಮುಗಿಯುವ ಹೆಸರುಗಳು ಊರಾಗುವ ಸಾಧ್ಯತೆ ಜಾಸ್ತಿ, ಅಲ್ವಾ? ಇವೆಲ್ಲ ಒಪ್ಪಿದರೆ ಮಾತ್ರ ಒಳಗೆ ಬಿಡಬೇಕು.

ಪದದ ಆಕಾರ ಅಂದೆ. ಅಲ್ಲೇ ನಮ್ಮ ಕಡೆಯ ಒಂದು ತೊಡಕು ಕಾಯುತ್ತಿದೆ. ಉತ್ತರ ಕರ್ನಾಟಕದಲ್ಲಿ ಅರ್ಧ ಜನರ ಅಡ್ಡಹೆಸರು ಊರ ಹೆಸರೇ. ಜ್ಞಾನಪೀಠ ಪಡೆದ ವಿ. ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಗೋಕಾಕದಲ್ಲಲ್ಲ. ಹಾರ್ಮೋನಿಯಂ ಪಂಡಿತ ರಾಮಭಾವು ಬಿಜಾಪುರೆ ಬಾಳಿದ್ದು ಬೆಳಗಾವಿಯಲ್ಲಿ. 'ಗೋಕಾಕ ಸವಣೂರಿನಲ್ಲಿ ಜನಿಸಿದರು' ಅನ್ನುವ ವಾಕ್ಯವನ್ನು ಕಂಪ್ಯೂಟರ್ ಹೇಗೆ ಓದಬೇಕು? ಎರಡೂ ಅದಕ್ಕೆ ಊರೇ. ಇಲ್ಲಿ ಕೈಹಿಡಿಯುವುದು ಕ್ರಿಯಾಪದ. ಊರು ಜನಿಸುವುದಿಲ್ಲ, ಊರಿಗೆ 'ಅವರು' ಅನ್ನುವುದಿಲ್ಲ. ಬೆಂಗಳೂರಲ್ಲಿ ಕೂತು ಇಂಥ ಪ್ರೋಗ್ರಾಮ್ ತಯಾರಿಸುವವರಿಗೆ ಈ ಅಡ್ಡಹೆಸರಿನ ಕಾಟ ಅಷ್ಟು ಹೊಳೆಯದು. ನಿಮಗೆ ಇದು ಹಾಜರಿ ಪುಸ್ತಕ ತೆರೆದರೆ ಕಾಣುತ್ತದೆ.

ಷಷ್ಠಿ ವಿಭಕ್ತಿಯಂತೂ ಇನ್ನೂ ಮೋಸ. ಗೋಕಾಕದ ಕರದಂಟು, ಗೋಕಾಕದ ಜಲಪಾತ, ಗೋಕಾಕದ ಶಾಸಕ, ಗೋಕಾಕದ ರಸ್ತೆ. ಮೊದಲನೆಯದು ಮಾಡುವ ಊರು, ಎರಡನೆಯದು ಇರುವ ಜಾಗ, ಮೂರನೆಯದು ಆರಿಸಿದ ಕ್ಷೇತ್ರ, ನಾಲ್ಕನೆಯದು ಗೋಕಾಕದೊಳಗಿನದೋ ಗೋಕಾಕಕ್ಕೆ ಹೋಗುವುದೋ ದೇವರಿಗೇ ಗೊತ್ತು. ಒಂದು '-ದ' ಇಷ್ಟೂ ಕೆಲಸ ಮಾಡುತ್ತದೆ. ಹಾಗಾಗಿ 'ಇಂಥ ಊರಿನ ಇಂಥ ವಸ್ತು' ಅನ್ನುವ ಮಾದರಿಯನ್ನು ಪೂರ್ತಿ ಬಿಟ್ಟುಬಿಡಿ ಅನ್ನುವುದು ನನ್ನ ಸಲಹೆ. ಆಸೆ ಆಗುತ್ತದೆ, ಯಾಕೆಂದರೆ ಅದು ಎಲ್ಲ ಕಡೆ ಸಿಗುತ್ತದೆ. ಆದರೂ ಬಿಡಿ.

ಬಾಲ ಕತ್ತರಿಸುವ ಚಟವನ್ನೂ ಬಿಡಬೇಕು. ಇಂಗ್ಲಿಷ್ ಪಾಠಗಳಲ್ಲೆಲ್ಲ ಮೊದಲ ಹೆಜ್ಜೆ ಪದದ ಪ್ರತ್ಯಯ ತೆಗೆದು ಮೂಲರೂಪ ಇಟ್ಟುಕೊಳ್ಳುವುದು. ನಾಮಪದಕ್ಕೆ ಅದು ಬೇಕು, ಇಲ್ಲದಿದ್ದರೆ ಬೆಳಗಾವಿ, ಬೆಳಗಾವಿಯಲ್ಲಿ, ಬೆಳಗಾವಿಯಿಂದ ಅನ್ನುವುದು ಮೂರು ಊರಾಗುತ್ತದೆ. ಕ್ರಿಯಾಪದಕ್ಕೆ ಹಾಗೆ ಮಾಡಿದರೆ ಕೆಟ್ಟಿತು. ಪತ್ರಿಕೆಗಳಲ್ಲಿ ಆಲಮಟ್ಟಿಯ ಸುದ್ದಿ ನೋಡಿರುತ್ತೀರಿ, 519.60 ಮೀಟರಿನಿಂದ 524.256 ಮೀಟರಿಗೆ ಎತ್ತರಿಸುವ ವಿಷಯ. 'ಎತ್ತರಿಸಲಾಗಿದೆ', 'ಎತ್ತರಿಸಲಾಗುವುದು', 'ಎತ್ತರಿಸಬೇಕು', 'ಎತ್ತರಿಸಿಲ್ಲ'. ನಾಲ್ಕರ ಬಾಲ ಕತ್ತರಿಸಿದರೆ ನಾಲ್ಕೂ ಒಂದೇ ಎತ್ತರಿಸು. ಆದದ್ದು, ಆಗಲಿರುವುದು, ಆಗಬೇಕಾದದ್ದು, ಆಗದೇ ಇರುವುದು ಎಲ್ಲ ಕಲಸಿಹೋಗುತ್ತದೆ. ಕನ್ನಡದಲ್ಲಿ 'ಇಲ್ಲ' ಅನ್ನುವುದೇ ಎಷ್ಟೋ ಸಲ ಬಾಲದಲ್ಲಿ ಕೂತಿರುತ್ತದೆ. ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ 524.256ರವರೆಗೆ ನೀರು ನಿಲ್ಲಿಸಲು ಒಪ್ಪಿದ್ದು ನಿಜ. ಒಪ್ಪಿದ್ದು ಬೇರೆ, ನಿಲ್ಲಿಸಿದ್ದು ಬೇರೆ. ಅದೂ ಸಾಲದು ಅಂತ, ಈ ಅಂಕಿ ಸಮುದ್ರಮಟ್ಟದಿಂದ ಲೆಕ್ಕ ಹಾಕಿದ ನೀರಿನ ಮಟ್ಟ. ಸುದ್ದಿಯಲ್ಲಿ ಸುಮ್ನೆ 'ಅಣೆಕಟ್ಟಿನ ಎತ್ತರ' ಅಂತ ಬರೆಯುತ್ತಾರೆ, ನಮಗೆಲ್ಲ ಅರ್ಥವಾಗುತ್ತದೆ. ಕಂಪ್ಯೂಟರ್ ಮಾತ್ರ ಅರ್ಧ ಕಿಲೋಮೀಟರ್ ಎತ್ತರದ ಗೋಡೆಯೊಂದು ಕೃಷ್ಣೆಗೆ ಅಡ್ಡ ನಿಂತಿದೆ ಅಂತ ನಂಬಿ ಕೂರುತ್ತದೆ.

ಈಗ ನಿಮ್ಮ ಆಲಮಟ್ಟಿ ಪ್ರಶ್ನೆಗೆ ಬರೋಣ. ಅಣೆಕಟ್ಟು ಇರುವುದು ವಿಜಯಪುರ ಜಿಲ್ಲೆಯ ನಿಡಗುಂದಿ ತಾಲ್ಲೂಕಿನಲ್ಲಿ. ಬಾಗಲಕೋಟೆ ಜಿಲ್ಲೆ ಹತ್ತಿರದಲ್ಲೇ ಇದೆ, ಹಿನ್ನೀರಿಗೆ ಮುಳುಗಿದ ಜಮೀನು ಅಲ್ಲಿಯದು ಬಹಳ, ಬಾಗಲಕೋಟೆ ಊರೇ ಭಾಗಶಃ ಎದ್ದು ನವನಗರಕ್ಕೆ ಹೋಯಿತು. ಹಾಗಾಗಿ ಮುಳುಗಡೆ, ಪರಿಹಾರ, ಪುನರ್ವಸತಿ ಅಂತ ಬರೆದ ವಾಕ್ಯಗಳಲ್ಲೆಲ್ಲ ಆಲಮಟ್ಟಿ ಮತ್ತು ಬಾಗಲಕೋಟೆ ಜೊತೆಜೊತೆಗೆ ಬರುತ್ತವೆ. ಎರಡು ಹೆಸರು ಪದೇ ಪದೇ ಒಟ್ಟಿಗೆ ಕಂಡರೆ ಅವುಗಳ ನಡುವೆ ಸಂಬಂಧ ಇದೆ ಅಂತ ಯಂತ್ರ ಊಹಿಸುತ್ತದೆ. ಸಂಬಂಧ ಇರುವುದೂ ನಿಜ, ಆದರೆ ಅದು ಮುಳುಗಿಸಿದ ಸಂಬಂಧ, ನೆಲೆಸಿದ ಸಂಬಂಧ ಅಲ್ಲ. 2009ರ ಸುಮಾರಿಗೆ ಒಂದು ವಿಧಾನ ಬಹಳ ಜನಪ್ರಿಯವಾಯಿತು. ಮೊದಲೇ ಗೊತ್ತಿರುವ ಸಂಗತಿಗಳ ಕೋಶ ಇಟ್ಟುಕೊಂಡು, ಆ ಎರಡು ಹೆಸರುಗಳು ಸೇರಿ ಬಂದ ಪ್ರತಿ ವಾಕ್ಯವೂ ಆ ಸಂಗತಿಯನ್ನೇ ಹೇಳುತ್ತದೆ ಅಂತ ಭಾವಿಸಿ ಕಲಿಸುವುದು. ಕೈಯಿಂದ ಗುರುತು ಹಾಕುವ ಶ್ರಮ ಉಳಿಯಿತು, ಜೊತೆಗೆ ಇಂಥ ಕಸವೂ ಬಂತು. ನೀವು ಅದನ್ನು ಬಳಸುವುದಾದರೆ ಒಂದೇ ವಾಕ್ಯ ನೋಡಿ ನಂಬಬೇಡಿ ಅಂತ ಪ್ರೋಗ್ರಾಮಿಗೆ ಹೇಳಿಡಿ.

ಕಾಲದ ವಿಷಯ ಇನ್ನೊಂದು. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1987ರಲ್ಲಿ, ಆಗ ಅದು ಬಿಜಾಪುರ ಜಿಲ್ಲೆ. ಆ ಕಾಲದ ಬರಹ ಓದಿದರೆ ಬಾದಾಮಿ, ಐಹೊಳೆ, ಕೂಡಲಸಂಗಮ ಎಲ್ಲ ಬಿಜಾಪುರ ಜಿಲ್ಲೆಯಲ್ಲೇ ಇವೆ. ಬರೆದವರದ್ದು ತಪ್ಪಲ್ಲ. ಆಮೇಲೆ 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರ ಆಯಿತು, ಬೆಳಗಾಂ ಬೆಳಗಾವಿ ಆಯಿತು. ಅದಾದ ಮೇಲೆ ಹೊಸ ತಾಲ್ಲೂಕುಗಳು ಬಂದವು. 2011ರ ಜನಗಣತಿಯ ಹಳ್ಳಿಪಟ್ಟಿಯಲ್ಲಿ ಇಳಕಲ್ ಹುನಗುಂದ ತಾಲ್ಲೂಕಿನಲ್ಲಿದೆ, ಗುಳೇದಗುಡ್ಡ ಬಾದಾಮಿ ತಾಲ್ಲೂಕಿನಲ್ಲಿದೆ. ಈಗ ಎರಡೂ ತಾವೇ ತಾಲ್ಲೂಕು. ಸಾಲದ್ದಕ್ಕೆ ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ. ಆದ್ದರಿಂದ ಪ್ರತಿ ಸಂಗತಿಯ ಜೊತೆ ಆ ಪುಟ ಯಾವ ಕಾಲದ್ದು ಅನ್ನುವುದನ್ನು ಕಟ್ಟಿಹಾಕಲೇಬೇಕು. ಹಳೆಯದಕ್ಕೂ ಹೊಸದಕ್ಕೂ ಜಗಳ ಬಂದರೆ ಹಳೆಯದನ್ನು ಅಳಿಸಬೇಡಿ, ಅದರ ಪಕ್ಕ ವರ್ಷ ಬರೆಯಿರಿ.

ಯಾವುದು ನಿಜ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ ಅಂದಿರಿ. ಗೊತ್ತಾಗುವುದಿಲ್ಲ. ಎಷ್ಟು ಕಡೆ ಬಂದಿದೆ, ಎಂಥ ಕಡೆ ಬಂದಿದೆ, ಈಗಾಗಲೇ ಗೊತ್ತಿರುವುದಕ್ಕೆ ಹೊಂದುತ್ತದಾ ಅಂತ ನೋಡಿ ಒಂದು ಅಂಕ ಕೊಡುತ್ತದೆ, ಅಷ್ಟೇ. 2014ರಲ್ಲಿ ಗೂಗಲ್‌ನವರು ನಾಲೆಜ್ ವಾಲ್ಟ್ ಅಂತ ಒಂದು ಸಂಶೋಧನೆ ಹೊರತಂದರು. ವೆಬ್‌ನಿಂದ 160 ಕೋಟಿ ಸಂಗತಿಗಳನ್ನು ಎತ್ತಿದ್ದರು. ಅವುಗಳಲ್ಲಿ ಸರಿ ಇರುವ ಸಾಧ್ಯತೆ ಶೇ. 90ಕ್ಕಿಂತ ಹೆಚ್ಚು ಅಂತ ಯಂತ್ರವೇ ಅಂಕ ಕೊಟ್ಟದ್ದು 27 ಕೋಟಿ ಚಿಲ್ಲರೆ. ಉಳಿದದ್ದೆಲ್ಲ ಇರಬಹುದು, ಇಲ್ಲದಿರಬಹುದು. ಆ ಪ್ರಾಮಾಣಿಕತೆ ನನಗೆ ಇಷ್ಟ.

ಎಷ್ಟು ಕಡೆ ಬಂದಿದೆ ಅನ್ನುವುದನ್ನು ಎಣಿಸುವುದರಲ್ಲೇ ಎಲ್ಲರೂ ಎಡವುತ್ತಾರೆ. ಗೋಲಗುಮ್ಮಟವನ್ನೇ ನೋಡಿ. 'ವಿಶ್ವದ ಎರಡನೇ ಅತಿ ದೊಡ್ಡ ಗುಮ್ಮಟ, ಮೊದಲನೆಯದು ರೋಮ್‌ನ ಸೇಂಟ್ ಪೀಟರ್ಸ್' ಅಂತ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ, ಪ್ರವಾಸದ ಪುಟಗಳಲ್ಲೆಲ್ಲ ಅದೇ ಇದೆ. ವಿಜಯಪುರದವರಿಗೆ ಸಿಟ್ಟು ಬರಬಹುದು, ಆದರೆ ಇದು ನಿಲ್ಲುವ ಮಾತಲ್ಲ. ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅದೇ ರೋಮ್‌ನಲ್ಲಿ ಎರಡನೇ ಶತಮಾನದ ಪ್ಯಾಂಥಿಯನ್ ಇದೆ, ಅದರ ಒಳವ್ಯಾಸ 43 ಮೀಟರ್ ದಾಟುತ್ತದೆ, ಸೇಂಟ್ ಪೀಟರ್ಸ್‌ಗಿಂತಲೂ ದೊಡ್ಡದು. ಫ್ಲಾರೆನ್ಸ್‌ನ ಗುಮ್ಮಟವೂ ದೊಡ್ಡದು. ಇನ್ನು ಇಂದಿನ ಕ್ರೀಡಾಂಗಣಗಳ ಗುಮ್ಮಟಗಳ ಲೆಕ್ಕ ಹಿಡಿದರಂತೂ ಕೇಳುವುದೇ ಬೇಡ. 1656ರಲ್ಲಿ ಮುಗಿದ ಆ ಕಟ್ಟಡದ ಸೊಬಗಿಗೆ ಇದರಿಂದ ಏನೂ ಕಡಿಮೆ ಆಗುವುದಿಲ್ಲ, ನಡುವೆ ಒಂದು ಕಂಬವೂ ಇಲ್ಲದೆ ಅಷ್ಟು ದೊಡ್ಡ ಒಂದೇ ಕೋಣೆ ಮುಚ್ಚಿದ್ದು ಸಾಮಾನ್ಯ ಅಲ್ಲ. ಆದರೆ ನಿಮ್ಮ ಪ್ರೋಗ್ರಾಮ್ ಈ ವಾಕ್ಯವನ್ನು ನೂರಾರು ಪುಟಗಳಲ್ಲಿ ನೋಡುತ್ತದೆ, ನೂರಕ್ಕೆ ನೂರು ಅಂಕ ಕೊಡುತ್ತದೆ. ಅಗಸಿಕಟ್ಟೆಯ ಮೇಲೆ ಹತ್ತು ಮಂದಿ ಒಂದೇ ಸುದ್ದಿ ಹೇಳಿದರೂ, ಹತ್ತೂ ಮಂದಿ ಒಬ್ಬನ ಬಾಯಿಂದ ಕೇಳಿದ್ದರೆ ಸಾಕ್ಷಿ ಒಂದೇ ಅಲ್ವಾ? ಹಾಗೆ ಇದು. ಪರಿಹಾರ ಪೂರ್ತಿ ಇಲ್ಲ, ಅರ್ಧ ಇದೆ. ಪದಕ್ಕೆ ಪದ ಒಂದೇ ಆಗಿರುವ, ಅಥವಾ ಮುಕ್ಕಾಲು ಪಾಲು ಒಂದೇ ಆಗಿರುವ ವಾಕ್ಯಗಳನ್ನೆಲ್ಲ ಸೇರಿಸಿ ಒಂದೇ ಅಂತ ಎಣಿಸಿ. 'ಎರಡನೇ', 'ಅತಿ ದೊಡ್ಡ', 'ಏಕೈಕ', 'ಪ್ರಪ್ರಥಮ' ಅನ್ನುವ ಪದಗಳಿದ್ದರೆ ಅಂಕ ಕಡಿಮೆ ಮಾಡಿ. ಊರಿನ ಅಭಿಮಾನ ಜಾಸ್ತಿ ಇರುವ ಪದಗಳು ಅವು.

ಇದೇ ಗುಮ್ಮಟದ ವ್ಯಾಸ ಕೆಲವು ಕಡೆ 44 ಮೀಟರ್ ಅಂತಲೂ ಇದೆ. ಅದು ತಪ್ಪಲ್ಲ, ಹೊರಗಿನ ಅಳತೆ. ಯಂತ್ರಕ್ಕೆ ಒಳಗು ಹೊರಗು ಗೊತ್ತಾಗದೆ ಎರಡರಲ್ಲಿ ಒಂದು ಸುಳ್ಳು ಅಂತ ತಳ್ಳುತ್ತದೆ. ಅಂಕಿಸಂಖ್ಯೆಗಳನ್ನು ಈ ಪ್ರಾಜೆಕ್ಟಿನಲ್ಲಿ ಮುಟ್ಟಲೇಬೇಡಿ ಅನ್ನುತ್ತೇನೆ.

ಗೈಡ್ ಸರ್ ಕೇಳಿದ್ದರಲ್ಲೂ ನ್ಯಾಯ ಇದೆ, ಉತ್ತರ ಕೊಡಬೇಕು. ಇಂದಿನ ಚಾಟ್‌ಬಾಟ್‌ಗಳ ಹಿಂದಿರುವ ದೊಡ್ಡ ಭಾಷಾ ಮಾದರಿಗಳೂ ಓದಿಯೇ ಕಲಿತವು, ನೆಲ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಓದಿ. 2017ರಲ್ಲಿ ಟ್ರಾನ್ಸ್‌ಫಾರ್ಮರ್ ಅನ್ನುವ ರಚನೆ ಬಂದ ಮೇಲೆ ಈ ಓಟ ಶುರುವಾಯಿತು. 2020ರ ಜಿಪಿಟಿ-3 ಮಾದರಿಯಲ್ಲಿ ಓದುತ್ತಾ ತಾನೇ ತಿದ್ದಿಕೊಳ್ಳುವ 17,500 ಕೋಟಿ ಅಂಕಿಗಳಿದ್ದವು. ಆದರೆ ಅವು ಸಂಗತಿ ಕಲಿಯಲು ಕೂತವಲ್ಲ. ಮುಂದಿನ ಪದ ಯಾವುದು ಅಂತ ಊಹಿಸುವುದನ್ನು ಕಲಿತವು, ಹಾಗೆ ಊಹಿಸುವಾಗ ಸಂಗತಿಗಳು ತಾವಾಗಿ ಒಳಗೆ ಸೇರಿಕೊಂಡವು. ಎಲ್ಲಿ ಅಂತ ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ, ಯಾವ ಪುಟದಿಂದ ಬಂತು ಅಂತಲೂ ಅದಕ್ಕೆ ಗೊತ್ತಿಲ್ಲ. ಬಹಳ ಸಲ ಓದಿದ್ದನ್ನು ಚೆನ್ನಾಗಿ ಹೇಳುತ್ತವೆ, ಅಪರೂಪಕ್ಕೆ ಓದಿದ್ದನ್ನು ತಪ್ಪಿಸುತ್ತವೆ, ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತವೆ. 1924ರ ಬೆಳಗಾವಿ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರಾಗಿದ್ದರು ಅನ್ನುವುದು ಇಂಗ್ಲಿಷಿನಲ್ಲಿ ಸಾವಿರ ಕಡೆ ಇದೆ, ಸರಿಯಾಗಿ ಬರುತ್ತದೆ. ನಿಮ್ಮ ಪಕ್ಕದ ಹಳ್ಳಿಯ ಜಾತ್ರೆ ಯಾವ ತಿಂಗಳು ಅಂತ ಕೇಳಿ ನೋಡಿ. 2023ರಲ್ಲಿ ಸಂಶೋಧಕರು ಇನ್ನೊಂದು ವಿಚಿತ್ರ ತೋರಿಸಿದರು. ನಟ ಟಾಮ್ ಕ್ರೂಸ್ ತಾಯಿ ಯಾರು ಅಂದರೆ ಸರಿಯಾಗಿ ಹೇಳುವ ಮಾದರಿಗೆ, ಆ ತಾಯಿಯ ಹೆಸರು ಕೊಟ್ಟು ಇವರ ಮಗ ಯಾರು ಅಂದರೆ ಬಹಳ ಸಲ ಗೊತ್ತಾಗಲಿಲ್ಲ. ಓದಿದ ದಿಕ್ಕಿನಲ್ಲೇ ಕಲಿತಿರುತ್ತವೆ. ಕೋಷ್ಟಕದಲ್ಲಿ ಬರೆದಿಟ್ಟ ಸಂಗತಿಗೆ ಈ ರೋಗ ಇಲ್ಲ, ಎಡದಿಂದ ಕೇಳಿದರೂ ಬಲದಿಂದ ಕೇಳಿದರೂ ಸಿಗುತ್ತದೆ.

ಕನ್ನಡದಲ್ಲಿ ಓದಲು ಇರುವುದೇ ಕಡಿಮೆ ಅನ್ನುವುದು ಇನ್ನೊಂದು ಕಾರಣ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಲೇಖನಗಳು 30 ಸಾವಿರದ ಮೇಲೆ. ಇಂಗ್ಲಿಷಿನಲ್ಲಿ 70 ಲಕ್ಷದ ಮೇಲೆ. ಇದ್ದದ್ದರಲ್ಲೂ ಎಷ್ಟೋ ಹಳೆಯ ಕಡತ, ಸರ್ಕಾರಿ ಪಿಡಿಎಫ್, ಸ್ಮರಣ ಸಂಚಿಕೆ ಎಲ್ಲ ನುಡಿ, ಬರಹ ಅನ್ನುವ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ತೆರೆದರೆ ಕಣ್ಣಿಗೆ ಕನ್ನಡ, ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಿಚಡಿ. ಯುನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರೂ ಓದಬಲ್ಲ ಅಕ್ಷರ ಸಂಕೇತಕ್ಕೆ, ಪರಿವರ್ತಿಸುವ ಉಪಕರಣಗಳು ಉಚಿತವಾಗಿ ಸಿಗುತ್ತವೆ, ಒತ್ತಕ್ಷರ ಮತ್ತು ಅರ್ಕಾವೊತ್ತು ಒಮ್ಮೊಮ್ಮೆ ತಪ್ಪುತ್ತವೆ, ನೋಡಿಕೊಳ್ಳಿ. ಜಿಲ್ಲೆಯ ಒಳಗಿನ ವಿಷಯ ಇರುವುದು ಹೆಚ್ಚಾಗಿ ಇಂಥ ಕಡತಗಳಲ್ಲೇ. ಇವನ್ನು ಬಿಡಿಸಿ ಓದಿಸಿದರೆ ಸರ್‌ಗೆ ಬೇರೆ ಸಮರ್ಥನೆ ಬೇಕಾಗಲಿಕ್ಕಿಲ್ಲ.

ಭಾಷಾ ಮಾದರಿಯನ್ನು ಪೂರ್ತಿ ದೂರ ಇಡಿ ಅಂತ ಹೇಳುತ್ತಿಲ್ಲ. ಅದನ್ನು ತಿಳಿದವನ ಹಾಗೆ ಕೇಳಬೇಡಿ, ಓದುವವನ ಹಾಗೆ ಬಳಸಿ. ಒಂದು ಪ್ಯಾರಾ ಕೊಟ್ಟು, 'ಇದರಲ್ಲಿ ಯಾರು ಎಲ್ಲಿ ಹುಟ್ಟಿದರು ಅಂತ ಇದ್ದರೆ ಮಾತ್ರ ಹೇಳು, ಯಾವ ವಾಕ್ಯದಲ್ಲಿದೆ ಅಂತ ಆ ವಾಕ್ಯವನ್ನೇ ಎತ್ತಿ ಕೊಡು, ಇಲ್ಲದಿದ್ದರೆ ಇಲ್ಲ ಅನ್ನು' ಅಂತ ಕೇಳಿ. ಅದು ಕೊಟ್ಟ ವಾಕ್ಯ ಆ ಪ್ಯಾರಾದಲ್ಲಿ ಅಕ್ಷರಶಃ ಇದೆಯಾ ಅಂತ ನಿಮ್ಮ ಪ್ರೋಗ್ರಾಮ್ ಹುಡುಕಲಿ. ಇಲ್ಲದಿದ್ದರೆ ಎಸೆಯಿರಿ. ನಾಲ್ಕು ಸಾಲಿನ ಕೋಡ್, ಕಟ್ಟುಕಥೆಗಳಲ್ಲಿ ಬಹುಪಾಲು ಇಲ್ಲೇ ಸೋಸಿಹೋಗುತ್ತದೆ. ಕನ್ನಡದಲ್ಲಿ ಕರ್ತೃವನ್ನೇ ಬಿಟ್ಟು ಬರೆಯುವ ರೂಢಿ ಇದೆಯಲ್ಲ, 'ಮುಂದೆ ಧಾರವಾಡದಲ್ಲಿ ಓದಿದರು' ಅಂತ, ಯಾರು ಅನ್ನುವುದು ಮೂರು ವಾಕ್ಯ ಹಿಂದೆ. ಅಂಥ ಕಡೆ ವಾಕ್ಯದ ಮಾದರಿ ಹೊಂದಿಸುವ ಹಳೆಯ ವಿಧಾನ ಸೋಲುತ್ತದೆ, ಭಾಷಾ ಮಾದರಿ ಚೆನ್ನಾಗಿ ಹಿಡಿಯುತ್ತದೆ. ಎರಡನ್ನೂ ಜೋಡಿಸಿ.

ಎಷ್ಟಕ್ಕೆ ನಿಲ್ಲಿಸಬೇಕು ಅಂದರೆ, ಮೂರೇ ಸಂಬಂಧ. ಊರು ಯಾವ ತಾಲ್ಲೂಕಿನಲ್ಲಿದೆ, ತಾಲ್ಲೂಕು ಯಾವ ಜಿಲ್ಲೆಯಲ್ಲಿದೆ, ವ್ಯಕ್ತಿ ಹುಟ್ಟಿದ ಊರು ಯಾವುದು. ಮೂರಕ್ಕೂ ಕಟ್ಟುನಿಟ್ಟಿನ ಷರತ್ತು ಹಾಕಬಹುದು. ಒಂದು ಕಾಲಕ್ಕೆ ಒಂದು ಊರಿಗೆ ಒಂದೇ ತಾಲ್ಲೂಕು, ಒಬ್ಬ ವ್ಯಕ್ತಿಗೆ ಒಂದೇ ಹುಟ್ಟೂರು. ರನ್ನ ಮುಧೋಳದವನು ಅಂತ ಒಮ್ಮೆ ನಂಬಿದ ಮೇಲೆ ಬೇರೆ ಊರು ಬಂದರೆ ಯಂತ್ರ ಅನುಮಾನಪಡಲಿ. ಪ್ರತಿ ಸಂಬಂಧಕ್ಕೆ ಹತ್ತು ಹನ್ನೆರಡು ಖಾತ್ರಿಯಾದ ಉದಾಹರಣೆ ಕೊಡಿ. ಪ್ರತಿ ಸುತ್ತಿನಲ್ಲಿ ಸಿಕ್ಕಿದ್ದನ್ನೆಲ್ಲ ಒಳಗೆ ಬಿಡಬೇಡಿ, ಅಂಕ ಜಾಸ್ತಿ ಇರುವ ಕೆಲವನ್ನು ಮಾತ್ರ ಬಿಡಿ, ಅವನ್ನೂ ನಾಲ್ವರಲ್ಲಿ ಒಬ್ಬರು ಕಣ್ಣಾಡಿಸಿ. ಇಟ್ಟುಕೊಳ್ಳುವಾಗ ಸಂಗತಿ, ಅದು ಬಂದ ವಾಕ್ಯ, ಪುಟದ ವಿಳಾಸ, ಪುಟದ ಕಾಲ, ಅಂಕ, ಐದೂ ಇರಲಿ. ಸಾದಾ ಎಸ್‌ಕ್ಯೂಎಲ್ ಕೋಷ್ಟಕ ಸಾಕು, ಗ್ರಾಫ್ ಡೇಟಾಬೇಸ್ ಅಂತ ಯಾರಾದರೂ ಹೆದರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಹೆಸರುಗಳಿಗೆ ಒಂದು ಅಡ್ಡಪಟ್ಟಿ ಬೇಕು, ಬಾಗಲಕೋಟ ಮತ್ತು ಬಾಗಲಕೋಟೆ, ಬಿಜಾಪುರ ಮತ್ತು ವಿಜಾಪುರ ಮತ್ತು ವಿಜಯಪುರ. ಅದನ್ನು ಕೈಯಿಂದಲೇ ಮಾಡಿ, ಒಂದು ಸಂಜೆಯ ಕೆಲಸ.

ಅಳೆಯುವುದು ಹೇಗೆ ಅಂತ ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಕಲಿತ ಸಂಗತಿಗಳಲ್ಲಿ ಚೀಟಿ ಎತ್ತಿದ ಹಾಗೆ 100 ಆರಿಸಿ, ಇಬ್ಬರು ಬೇರೆ ಬೇರೆ ಕೂತು ಸರಿ ತಪ್ಪು ಗುರುತಿಸಿ, ಎಷ್ಟು ಸರಿ ಅಂತ ಹೇಳಿ. ಇದು ನಿಖರತೆ. ಬಿಟ್ಟುಹೋದದ್ದು ಎಷ್ಟು ಅಂತ ತಿಳಿಯಲು ಒಂದು ತಾಲ್ಲೂಕು ಆರಿಸಿ, ನಿಮ್ಮ ಜಮಖಂಡಿಯೇ ಆಗಲಿ, ಜನಗಣತಿಯ ಹಳ್ಳಿಪಟ್ಟಿ ಪಕ್ಕಕ್ಕಿಟ್ಟು ಎಷ್ಟು ಹಳ್ಳಿ ಸಿಕ್ಕಿದೆ ನೋಡಿ. ಎರಡನೆಯ ಅಂಕಿ ಬಹಳ ಕಡಿಮೆ ಬರುತ್ತದೆ, ಮುಚ್ಚಿಡಬೇಡಿ. ಯಾವ ಹಳ್ಳಿಗಳ ಬಗ್ಗೆ ಕನ್ನಡದಲ್ಲಿ ಒಂದು ಸಾಲೂ ಇಲ್ಲ ಅನ್ನುವ ಪಟ್ಟಿಯನ್ನು ವರದಿಯ ಕೊನೆಗೆ ಅನುಬಂಧವಾಗಿ ಹಾಕಿ. ಆಲಮಟ್ಟಿಯ ಸಾಲನ್ನು ಮಾತ್ರ ಒಪ್ಪಿಸುವ ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ. ನಿಡಗುಂದಿ ಹೊಸ ತಾಲ್ಲೂಕು, ನಿಮ್ಮ ಯಂತ್ರ ಆಲಮಟ್ಟಿಯನ್ನು ಇನ್ನೂ ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನಲ್ಲೇ ಇಟ್ಟಿರುವ ಸಾಧ್ಯತೆ ಜಾಸ್ತಿ.